ಕೊಡೆ ಕಂಪನಿಯ ಇಲ್ಲದ ಗೋಡೆ

ಗೋಡೆ ಒಡೆಯುವುದೇನೂ ದೊಡ್ಡ ವಿದ್ಯೆಯಲ್ಲ. ಗಟ್ಟಿ ರಟ್ಟೆಯ ಇಬ್ಬರು ಆಳು, ಒಂದು ಹಾರೆ, ಒಂದು ಸುತ್ತಿಗೆ, ಆಫೀಸಿಗೆ ರಜೆ ಇರುವ ಒಂದು ಭಾನುವಾರ, ಇಷ್ಟಿದ್ದರೆ ಸಾಕು. ಕೊಡೆ ಕಂಪನಿಯ ಹೊಸ ಮ್ಯಾನೇಜರು ಇಷ್ಟನ್ನೂ ಹೊಂದಿಸಿಕೊಂಡಿದ್ದರು. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು, ಗುಡಿಸಿ ಒರೆಸಿ ಲಕಲಕ ಹೊಳೆಯುತ್ತಿದ್ದ ದೊಡ್ಡ ಹಾಲಿನ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಮದುವೆಮನೆ ಯಜಮಾನನ ಹಾಗೆ ಜನ ಬರುವುದನ್ನೇ ಕಾಯುತ್ತಿದ್ದರು.

ಒಡೆಸಿದ ಗೋಡೆಯ ಪರಿಚಯ ಮಾಡಿಕೊಡದೆ ಕಥೆ ಮುಂದೆ ಹೋಗುವುದಿಲ್ಲ. ಗೋಡೆಯ ಈ ಕಡೆ ಆರ್ಡರ್ ವಿಭಾಗ. ಯಾವ ಅಂಗಡಿಗೆ ಯಾವ ಕೊಡೆ ಬೇಕು, ಕರಿಯದೋ ಹೂವಿನದೋ, ಮಡಚುವುದೋ ಉದ್ದದ್ದೋ ಎಂದು ಫೋನಿನಲ್ಲಿ ಕೇಳಿ ಚೀಟಿ ಬರೆಯುವವರು ಇಲ್ಲಿ. ಆ ಕಡೆ ಸ್ಟೋರು. ಚೀಟಿ ನೋಡಿ ಕೊಡೆ ತೆಗೆದು, ಕಟ್ಟು ಕಟ್ಟಿ ಕಳಿಸುವವರು ಅಲ್ಲಿ. ಗೋಡೆಯಲ್ಲಿ ಒಂದು ಬಾಗಿಲು. ಅದರ ಚಿಲಕ ಸ್ಟೋರಿನ ಕಡೆಗೆ. ಪಕ್ಕದಲ್ಲಿ ಸೊಂಟದೆತ್ತರಕ್ಕೆ ಒಂದು ಕಿಂಡಿ. ಕಿಂಡಿಯಲ್ಲಿ ಈ ಕಡೆಯಿಂದ ಚೀಟಿ ಹೋಗುತ್ತಿತ್ತು, ಆ ಕಡೆಯಿಂದ ಬೈಗುಳ ಬರುತ್ತಿತ್ತು. ಬೈಗುಳಕ್ಕೆ ಉತ್ತರವಾಗಿ ಇನ್ನೊಂದು ಬೈಗುಳ ಹೋಗಿ, ಅದಕ್ಕೆ ಬಡ್ಡಿ ಸೇರಿಸಿ ಮತ್ತೊಂದು ಬಂದು, ಕೊನೆಗೆ ಹೇಗೋ ಏನೋ ಕೊಡೆಗಳು ಸರಿಯಾದ ಅಂಗಡಿಗೇ ಹೋಗಿ ಸೇರುತ್ತಿದ್ದವು.

ಆರ್ಡರ್ ವಿಭಾಗದ ಮುಖ್ಯಸ್ಥೆ ಬೇರೆ ಯಾರೂ ಅಲ್ಲ, ಮ್ಯಾನೇಜರ ಸ್ವಂತ ಸೋದರತ್ತೆ. ಇವರಿಗೆ ಹಲ್ಲು ಹುಟ್ಟುವ ಮೊದಲೇ ಈ ಕಂಪನಿಗೆ ಸೇರಿದವರು. ತಾಯಿಯಿಲ್ಲದ ಇವರನ್ನು ಎತ್ತಿ ಆಡಿಸಿ, ಮೂಗು ಒರೆಸಿ, ಬೆನ್ನಿಗೆ ಗುದ್ದಿ ಓದಿಸಿದವರೂ ಅವರೇ. ಆಫೀಸಿನಲ್ಲಿ ಮ್ಯಾನೇಜರು ಅತ್ತೆಯನ್ನು ‘ಮೇಡಂ’ ಎಂದು ಕರೆಯಬೇಕು, ಅತ್ತೆ ಇವರನ್ನು ‘ಸಾರ್’ ಎಂದು ಕರೆಯಬೇಕು ಎಂದು ಮನೆಯಲ್ಲೇ ಮಾತಾಗಿತ್ತು. ಮ್ಯಾನೇಜರು ಮಾತು ಉಳಿಸಿಕೊಂಡರು. ಅತ್ತೆ ಮೊದಲ ದಿನವೇ ಎಲ್ಲರೆದುರು, “ಪಾಪು, ಊಟ ಮಾಡಿದ್ಯೇನೋ?” ಎಂದು ಕೂಗಿ ಕೇಳಿದರು. ಅಲ್ಲಿಂದ ಇಡೀ ಕಂಪನಿಗೆ ಅವರು ‘ಪಾಪು ಸಾರ್’.

ಸ್ಟೋರಿನ ಮುಖ್ಯಸ್ಥನನ್ನು ಎಲ್ಲರೂ ನಗಾರಿ ಎಂದು ಕರೆಯುತ್ತಿದ್ದರು. ಅವನ ದನಿ ಕೇಳಿದವರು ಯಾಕೆ ಎಂದು ಕೇಳುತ್ತಿರಲಿಲ್ಲ. ಅವನು ಮೆಲ್ಲಗೆ ಗುಟ್ಟು ಹೇಳಿದರೆ ಎದುರು ಬೀದಿಯವರು ಕಿಟಕಿ ತೆಗೆದು ನೋಡುತ್ತಿದ್ದರು.

ಇನ್ನು ಕಂಪನಿಯ ಒಡತಿ, ಯಜಮಾನಮ್ಮ. ಅವರೇ ಮ್ಯಾನೇಜರನ್ನು ನೇಮಿಸಿಕೊಂಡು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು: “ಎರಡು ವಿಭಾಗ ಒಂದಾಗ್ಬೇಕು. ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ. ತಿಂಗಳ ಕೊನೇಲಿ ನಾನೇ ಬಂದು ನೋಡ್ತೀನಿ. ಆಗಿದ್ರೆ ನಿಮ್ಮ ಕೆಲಸ ಕಾಯಂ. ಆಗದಿದ್ರೆ ಗೋಡೆಯನ್ನ ಮೊದಲಿದ್ದ ಹಾಗೆ ಕಟ್ಟಿಸಿ, ನಿಮ್ಮನ್ನ ಮೊದಲಿದ್ದ ಜಾಗಕ್ಕೆ ಕಳಿಸ್ತೀನಿ.”

ಮೊದಲಿದ್ದ ಜಾಗ ಎಂದರೆ ಅಣ್ಣನ ಟೈರ್ ಅಂಗಡಿ. ಅಲ್ಲಿ ಮ್ಯಾನೇಜರಿಗಿದ್ದ ಕೆಲಸ, ಅಣ್ಣ ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದು. ಅಲ್ಲಿಂದ ಹೊರಡುವಾಗ ಅವರು, “ನಿನ್ನ ಟೈರಿಗೆ ನೀನೇ ಗಾಳಿ ಹೊಡ್ಕೋ, ನಾನು ದೊಡ್ಡ ಮನುಷ್ಯ ಆಗ್ತೀನಿ” ಎಂದು ಅತ್ತಿಗೆಯ ಮುಂದೆ, ಗಿರಾಕಿಗಳ ಮುಂದೆ ಎದೆ ತಟ್ಟಿಕೊಂಡು ಬಂದಿದ್ದರು. ಮತ್ತೆ ಆ ಮೆಟ್ಟಿಲು ಹತ್ತುವುದೆಂದರೆ ಮಾನ ಬಿಟ್ಟ ಹಾಗೆ. ಅಣ್ಣ ಬೈಯುವವನಲ್ಲ. ಸುಮ್ಮನೆ ನಕ್ಕು, ಗಾಳಿ ಹೊಡೆಯುವ ಪಂಪನ್ನು ಕೈಗೆ ಕೊಡುವವನು.

ಸೋಮವಾರದ ಬೆಳಿಗ್ಗೆಗೆ ಬರೋಣ. ಗೋಡೆ ಪೂರ್ತಿ ಹೋಗಿತ್ತು, ಬಾಗಿಲೊಂದು ಉಳಿದಿತ್ತು. ಅದರ ಚೌಕಟ್ಟು ಮೇಲಿನ ತೊಲೆಗೆ ಆಸರೆಯಾಗಿದೆ, ಬೇರೆ ಕಂಬ ಕೊಡುವವರೆಗೆ ಮುಟ್ಟಬೇಡಿ ಎಂದು ಮೇಸ್ತ್ರಿ ಹೇಳಿದ್ದ. ಹಾಗಾಗಿ ಹಾಲಿನ ಮಧ್ಯೆ ಒಂದು ಬಾಗಿಲು, ಹಿಂದಿಲ್ಲ ಮುಂದಿಲ್ಲ, ಒಬ್ಬಂಟಿಯಾಗಿ ನಿಂತಿತ್ತು.

ಅತ್ತೆ ಮೊದಲು ಬಂದರು. ಹಾಲನ್ನು ಒಮ್ಮೆ ನೋಡಿದರು. “ಹೂಂ” ಎಂದರು. ತಮ್ಮ ಮೇಜಿಗೆ ಹೋಗಿ ಕೂತರು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಬಂದರು, ನೋಡಿದರು, ಕೂತರು. ಯಾರೂ ಹೌಹಾರಲಿಲ್ಲ, ಯಾರೂ ಕೂಗಾಡಲಿಲ್ಲ. ಮ್ಯಾನೇಜರು ರಾತ್ರಿಯೆಲ್ಲ ಉರುಹೊಡೆದಿದ್ದ ಸಮಾಧಾನದ ಮಾತುಗಳು ಬಾಯಲ್ಲೇ ಉಳಿದವು.

ಸ್ವಲ್ಪ ಹೊತ್ತಿಗೆ ಟೈಪಿಸ್ಟ್ ಹುಡುಗಿ ಸ್ಟೋರಿಗೆ ಹೋಗಲು ಎದ್ದಳು. ಅವಳ ಮೇಜಿನಿಂದ ನೇರ ನಡೆದರೆ ಸ್ಟೋರು ಅಲ್ಲೇ. ಅವಳು ನೇರ ನಡೆಯಲಿಲ್ಲ. ಸುತ್ತಿ ಬಳಸಿ ಬಾಗಿಲ ಹತ್ತಿರ ಹೋಗಿ ಟಕಟಕ ತಟ್ಟಿದಳು.

“ಯಾರು?” ಎಂದ ನಗಾರಿ ಆ ಕಡೆಯಿಂದ. ಅವನು ಬಾಗಿಲ ಪಕ್ಕದಲ್ಲೇ, ಅವಳಿಗೆ ಪೂರ್ತಿ ಕಾಣುವಂತೆ, ಕುರ್ಚಿಯಲ್ಲಿ ಕೂತಿದ್ದ.

“ನಾನು ಸಾರ್, ಟೈಪಿಸ್ಟ್.”

ಅವನು ಎದ್ದು ಚಿಲಕ ತೆಗೆದ. ಅವಳು ಒಳಗೆ ಹೋದಳು. ಒಳಗೆ ಎಂದರೆ ಎಲ್ಲಿಗೆ ಎಂದು ನನ್ನನ್ನು ಕೇಳಬೇಡಿ. “ಬಾಗಿಲು ಹಾಕ್ಕೊಳ್ಳಮ್ಮ, ಗಾಳಿ ಬೀಸುತ್ತೆ” ಎಂದು ಅತ್ತೆ ಈ ಕಡೆಯಿಂದ ಕೂಗಿದರು.

ಆಮೇಲೆ ಅತ್ತೆಯೇ ಚೀಟಿ ಹಿಡಿದು ಎದ್ದರು. ಕಿಂಡಿ ಇದ್ದ ಕಡೆ ಹೋಗಿ, ಬಗ್ಗಿ, ಗಾಳಿಯಲ್ಲಿ ಕೈ ತೂರಿಸಿದರು. ಆ ಕಡೆಯಿಂದ ನಗಾರಿಯೂ ಬಂದು ಬಗ್ಗಿದ. ಚೀಟಿ ತೆಗೆದುಕೊಂಡ. ಅತ್ತೆಯ ಹಣೆಗೂ ಅವನ ಹಣೆಗೂ ಒಂದು ಗೇಣು ಅಂತರ. ಆದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರೂ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ಬೆನ್ನು ತಿರುಗಿಸಿ, ತಂತಮ್ಮ ಜಾಗಕ್ಕೆ ಹೋದರು.

ಮ್ಯಾನೇಜರು ಕಣ್ಣು ಕಣ್ಣು ಬಿಟ್ಟರು. ಹಳೇ ರೂಢಿ, ನಾಕು ದಿನದಲ್ಲಿ ಸರಿಹೋಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು.

ನಾಕು ದಿನದಲ್ಲಿ ಅದು ಸರಿಹೋಗುವ ಬದಲು ಬಲಿಯಿತು. ಸ್ಟೋರಿನವನೊಬ್ಬ ಗೋಡೆ ಇದ್ದ ಜಾಗದಲ್ಲಿ ಗಾಳಿಗೆ ಕ್ಯಾಲೆಂಡರ್ ನೇತುಹಾಕಲು ಹೋಗಿ, ಅದು ಬಿದ್ದಾಗ ‘ಮೊಳೆ ಸಡಿಲವಾಗಿದೆ’ ಎಂದ. ಚಹಾ ಕೊಡುವ ಕೆಟಲ್ ತಾತ ತುಂಬಿದ ತಟ್ಟೆ ಹಿಡಿದು ಬಾಗಿಲ ಮುಂದೆ ನಿಂತು, ಎರಡೂ ಕೈಗೆ ಬಿಡುವಿಲ್ಲದೆ ಮೊಣಕಾಲಲ್ಲಿ ತಟ್ಟುತ್ತಿದ್ದ. ಚಹಾ ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ.

ಮ್ಯಾನೇಜರು ಸಭೆ ಕರೆದರು. ಬಿಸ್ಕತ್ತು ತರಿಸಿದರು. ಬದಲಾವಣೆಯೆಂದರೆ ಮೊದಮೊದಲು ಎಲ್ಲರಿಗೂ ಹೆದರಿಕೆಯೇ, ನಿಜವಾದ ಗೋಡೆ ಇರುವುದು ಇಟ್ಟಿಗೆಯಲ್ಲಲ್ಲ, ಮನಸ್ಸಿನಲ್ಲಿ ಎಂದೆಲ್ಲ ಮ್ಯಾನೇಜರ್ ಕೆಲಸದ ತರಬೇತಿಯಲ್ಲಿ ಕಲಿತದ್ದನ್ನು ಭಾವ ತುಂಬಿ ಹೇಳಿದರು. ಎಲ್ಲರೂ ತಲೆದೂಗಿದರು. ಬಿಸ್ಕತ್ತು ಖಾಲಿಯಾಯಿತು.

“ಹಾಗಾದ್ರೆ ನಿಮ್ಮ ವಿರೋಧ ಏನು ಅಂತ ಬಿಚ್ಚಿ ಹೇಳಿ” ಎಂದರು ಮ್ಯಾನೇಜರು.

“ವಿರೋಧಾನಾ?” ಅತ್ತೆ ಗಲ್ಲದ ಮೇಲೆ ಬೆರಳಿಟ್ಟರು. “ನಾವ್ಯಾಕೆ ವಿರೋಧ ಮಾಡೋಣ? ಗೋಡೆ ಒಡೀತೀನಿ ಅಂದ್ರಿ, ಒಡೀರಿ ಅಂದ್ವಿ. ಒಡೆದ್ರಿ, ಸುಮ್ನಿದ್ದೀವಿ. ಧೂಳು ಕುಡಿದ್ವಿ, ಕೆಮ್ಮಲೂ ಇಲ್ಲ. ಇನ್ನೇನು ಮಾಡ್ಬೇಕು ಸಾರ್?”

“ಮೇಡಂ, ನೀವು ಬಾಗಿಲು ತಟ್ತೀರಿ.”

“ತಟ್ಟದೆ ನುಗ್ಗಬೇಕಾ? ಹಾಗಾ ನಾನು ನಿನ್ನ ಬೆಳೆಸಿದ್ದು?”

ಸ್ಟೋರಿನವರು, ಆರ್ಡರಿನವರು ಎಲ್ಲರೂ ಚಾವಣಿ ನೋಡಿದರು. ನಗು ತಡೆಯುವಾಗ ಎಲ್ಲರೂ ನೋಡುವುದು ಚಾವಣಿಯನ್ನೇ. ಮ್ಯಾನೇಜರ ಕಿವಿ ಕೆಂಪಾಯಿತು.

ಮಾತಿನಿಂದ ಆಗದ್ದನ್ನು ಮಾಡಿ ತೋರಿಸುವುದೆಂದು ನಿಶ್ಚಯಿಸಿ, ಮರುದಿನ ಅವರೇ ಗೋಡೆಯಿದ್ದ ಜಾಗದಲ್ಲಿ ಅತ್ತಿಂದಿತ್ತ ಇತ್ತಿಂದತ್ತ ಓಡಾಡತೊಡಗಿದರು. “ನೋಡಿ, ಏನೂ ಇಲ್ಲ! ನೋಡಿ, ಆರಾಮಾಗಿ!” ಎನ್ನುತ್ತ ಕೈ ಬೀಸಿಕೊಂಡು ನಡೆದರು. ಒಬ್ಬರೂ ನೋಡಲಿಲ್ಲ. ಬಟ್ಟೆಯಿಲ್ಲದೆ ಬೀದಿಗೆ ಬಂದವನನ್ನು ಕಂಡ ಹಾಗೆ ಎಲ್ಲರೂ ಮುಖ ತಗ್ಗಿಸಿಕೊಂಡರು. ಟೈಪಿಸ್ಟ್ ಕಣ್ಣು ಮುಚ್ಚಿಕೊಂಡೇ ಟೈಪ್ ಮಾಡಿ ಹೂವಿನ ಕೊಡೆ ಕೇಳಿದ ಅಂಗಡಿಗೆ ಏನೇನೋ ಬರೆದಳು. ಮಧ್ಯಾಹ್ನದ ಹೊತ್ತಿಗೆ, “ಪಾಪು ಸಾರ್ ಗೋಡೆ ತೂರಿಕೊಂಡು ಹೋಗ್ತಾರಂತೆ, ಯಾರಿಗಾದ್ರೂ ತೋರಿಸ್ಬೇಕು” ಎಂದು ಸುದ್ದಿ ಹಬ್ಬಿ, ಕೆಟಲ್ ತಾತ ಅವರಿಗೆ ಚಹಾವನ್ನು ದೂರದಿಂದಲೇ ಇಟ್ಟು ಹೋದ.

ಆಮೇಲೆ ಮ್ಯಾನೇಜರು ಬಾಗಿಲಿಗೆ ಬೀಗ ಜಡಿದರು. ಬಾಗಿಲೇ ತೆರೆಯದಿದ್ದರೆ ತಟ್ಟಿ ಏನು ಮಾಡುತ್ತಾರೆ, ನೋಡೇಬಿಡೋಣ! ಬೀಗ ಜಡಿದು ತಮ್ಮ ಕೋಣೆಗೆ ಹೋಗಿ ಕೂತು, ಮೀಸೆಯಡಿ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದರೆ ಬಾಗಿಲ ಈ ಕಡೆ ಒಂದು ಸಾಲು, ಆ ಕಡೆ ಒಂದು ಸಾಲು. ಎಲ್ಲರ ಕೈಯಲ್ಲೂ ಕೆಲಸ. ಎಲ್ಲರ ಮುಖದಲ್ಲೂ ಬಸ್ಸಿಗೆ ಕಾಯುವವರ ತಾಳ್ಮೆ.

“ಬೀಗ ಹಾಕಿದ್ದಾರೆ!” ಎಂದು ನಗಾರಿ ಆ ಕಡೆಯಿಂದ ಕಟ್ಟಡ ಅದುರುವಂತೆ ಕೂಗಿದ.

“ಇಲ್ಲೂ ಹಾಗೇ ಕಾಣ್ತಿದೆ!” ಎಂದು ಅತ್ತೆ, ಅವನಿಂದ ಒಂದು ಮೊಳ ದೂರದಲ್ಲಿ ನಿಂತು, ಉತ್ತರ ಕೂಗಿದರು.

ಫೋನು ಹೊಡೆದುಕೊಳ್ಳುತ್ತಿತ್ತು. ಅಂಗಡಿಯವರು ಕೊಡೆ ಕೊಡೆ ಎಂದು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದರು. ಮ್ಯಾನೇಜರೇ ಹೋಗಿ ಬೀಗ ತೆಗೆದರು. ಎಲ್ಲರೂ “ಥ್ಯಾಂಕ್ಸ್ ಸಾರ್” ಎಂದು ಒಬ್ಬೊಬ್ಬರಾಗಿ ದಾಟಿದರು.

ಆ ಸಂಜೆ ಅವರು ಮನೆಯಲ್ಲಿ ತಟ್ಟೆಯ ಮುಂದೆ ಕೂತು ಇದನ್ನೆಲ್ಲ ಹೇಳಿದಾಗ ಹೆಂಡತಿ ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಅದೂ ಸಾಲದೆ ಅಡುಗೆಮನೆಗೆ ಓಡಿದಳು. ಅಲ್ಲಿಂದ ಪಾತ್ರೆ ಬಿದ್ದ ಸದ್ದೂ ನಗುವಿನ ಸದ್ದೂ ಒಟ್ಟಿಗೇ ಬಂದವು.

“ನಗು, ನಗು” ಎಂದರು ಮ್ಯಾನೇಜರು. “ಅಣ್ಣನ ಅಂಗಡೀಲಿ ನಾನು ಗಾಳಿ ಹೊಡೆಯೋವಾಗ ಬಂದು ಅಲ್ಲೂ ನಗು.”

ಹೆಂಡತಿ ಕಣ್ಣೊರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಗಂಡನ ಮುಖ ನಿಜವಾಗಿಯೂ ಬಾಡಿದ್ದು ಕಂಡು ಅವಳ ನಗು ನಿಂತಿತು. “ರೀ, ಎಲ್ಲ ಬಿಟ್ಟು ಆಫೀಸಲ್ಲಿ ಯಾಕೆ ಕೇಳ್ತೀರಿ? ಭಾನುವಾರ ಅತ್ತೆ ಮನೆಗೆ ಹೋಗಿ, ಅತ್ತೇನ ಅತ್ತೆ ಅಂತ ಕರೆದು ಕೇಳಿ. ಮೇಡಂ ಅಂದ್ರೆ ಯಾವ ಹೆಂಗಸು ನಿಜ ಹೇಳ್ತಾಳೆ?”

ಭಾನುವಾರ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಮ್ಯಾನೇಜರು ಹೋಗಿ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಅತ್ತೆ ಮಾತಿಲ್ಲದೆ ಒಂದು ಬೊಗಸೆ ಕಾಯಿ ಅವರ ಮುಂದೆ ಸುರಿದರು. ಅವರೂ ಸುಲಿಯತೊಡಗಿದರು, ಸುಲಿದದ್ದರಲ್ಲಿ ಅರ್ಧ ಬಾಯಿಗೆ.

“ಅತ್ತೆ, ನಿಜ ಹೇಳು. ನನ್ನ ಮೇಲೆ ಕೋಪವಾ?”

“ನಿನ್ನ ಮೇಲೆ ಯಾಕೋ ಕೋಪ? ತಿನ್ಬೇಡ, ಪಲ್ಯಕ್ಕೆ ಸಾಲಲ್ಲ.”

“ಮತ್ತೆ ಯಾಕೆ ಹೀಗೆ ಮಾಡ್ತೀಯ?”

ಅತ್ತೆ ಇನ್ನೊಂದು ಕಾಯಿ ಸುಲಿದರು. “ನೋಡು ಪಾಪು, ನಾನೂ ಆ ನಗಾರೀನೂ ಎಷ್ಟು ವರ್ಷದಿಂದ ಜಗಳ ಆಡ್ತಿದ್ದೀವಿ ಅಂತ ನಿಂಗೊತ್ತು. ಚೀಟಿ ತಡ ಆದ್ರೆ ಅವನು ನನ್ನ ಬೈತಾನೆ. ಕರಿ ಕೊಡೆ ಕೇಳಿದ್ರೆ ನೀಲಿ ಕಳಿಸ್ತಾನೆ, ನಾನು ಅವನ ನೀರಿಳಿಸ್ತೀನಿ. ನೀನು ಕುಂಬಳಕಾಯಿ, ನೀನು ತುಕ್ಕು ಹಿಡಿದ ಕಡ್ಡಿ, ಬಾಯಿಗೆ ಬಂದದ್ದೆಲ್ಲ ಅಂತೀನಿ. ಅಂದಾದ್ಮೇಲೆ ಮನಸ್ಸು ಹಗುರ. ಕೆಲಸ ಸರಸರ. ಅವನಿಗೂ ಹಾಗೇ. ಅದು ಜಗಳ ಅಲ್ಲ ಕಣೋ, ನಮ್ಮ ಕೆಲಸ ನಡೆಯೋ ರೀತೀನೇ ಅದು.”

“ಈಗ್ಲೂ ಬೈಕೋ, ಯಾರು ಬೇಡ ಅಂದ್ರು?”

“ಬೈಯೋಣ ಅಂತಾನೇ ಎದ್ದಿದ್ದು ಸೋಮವಾರ, ಚೀಟಿ ಕೊಡೋಕೆ ಮೊದ್ಲು, ನೀನು ನಿನ್ನ ಕೋಣೆಗೆ ಹೋಗಿದ್ದಾಗ. ಬಾಯಿ ತೆಗೆದೆ. ಎದುರಿಗೇ ಅವನ ಮುಖ.” ಅತ್ತೆಯ ಕೈ ನಿಂತಿತು. “ಪಾಪು, ಬೈದ್ರೆ ಅವನ ತುಟಿ ನಡುಗುತ್ತೆ ಕಣೋ. ಸಣ್ಣ ಮಕ್ಕಳ ತುಟಿ ಹಾಗೆ. ಇನ್ನೂ ಒಂದೇ ಮಾತು ಅಂದಿದ್ದೆ. ಇಷ್ಟು ವರ್ಷ ನಾನು ಅಂದಾಗೆಲ್ಲ ಆ ಕಡೆ ಹಾಗೇ ನಡುಗಿರಬೇಕಲ್ವಾ? ನಂಗೇನು ಗೊತ್ತಿತ್ತು! ದನಿ ಕೇಳಿ ಅವನನ್ನ ಬಂಡೆ ಅಂದ್ಕೊಂಡಿದ್ದೆ. ಇನ್ನು ನಾನು ಹೇಗೆ ಬೈಯಲಿ? ಬೈಯದೆ ಹೇಗೆ ಕೆಲಸ ಮಾಡ್ಲಿ? ಅದಕ್ಕೇ ಗೋಡೆ ಇದೆ ಅಂದ್ಕೊಂಡು ನೆಲ ನೋಡ್ಕೊಂಡು ಚೀಟಿ ಕೊಡ್ತೀನಿ. ಅವನೂ ನನ್ನ ಮುಖ ನೋಡಲ್ಲ. ಬಹುಶಃ ನನ್ನ ಮುಖದಲ್ಲೂ ಏನೋ ಕಂಡಿರಬೇಕು.”

ಮ್ಯಾನೇಜರು ಕೈಯಲ್ಲಿದ್ದ ಬಟಾಣಿಯನ್ನು ತಿನ್ನದೆ ಪಾತ್ರೆಗೆ ಹಾಕಿದರು. ತರಬೇತಿಯಲ್ಲಿ ನಡುಗುವ ತುಟಿಯ ಬಗ್ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತೆಯ ಮೇಲೆ ಅವರಿಗೆ ಇದ್ದಕ್ಕಿದ್ದಂತೆ ತುಂಬ ಪ್ರೀತಿ ಬಂತು, ಅದರ ಹಿಂದೆಯೇ ತಮ್ಮ ಗತಿಯ ನೆನಪೂ ಬಂತು.

“ಈ ವಾರ ಯಜಮಾನಮ್ಮ ಬರ್ತಾರೆ ಅತ್ತೆ. ನೀವು ಬಾಗಿಲು ತಟ್ಟೋದು ನೋಡಿದ್ರೆ ಗೋಡೆ ಮತ್ತೆ ಕಟ್ಟಿಸ್ತಾರೆ.”

“ಕಟ್ಟಿಸ್ಲಿ, ಒಳ್ಳೇದೇ ಆಯ್ತು!”

“ನನ್ನನ್ನ ಅಣ್ಣನ ಅಂಗಡಿಗೆ ಕಳಿಸ್ತಾರೆ.”

ಅತ್ತೆಗೆ ಇದು ಗೊತ್ತಿರಲಿಲ್ಲ. ಮಡಿಲಿನ ಸಿಪ್ಪೆ ಕೊಡವಿ ಎದ್ದು ನಿಂತರು. “ಆ ಪಂಪು ಹಿಡಿಯೋಕಾ ನಾನು ನಿನ್ನ ಬೆನ್ನಿಗೆ ಗುದ್ದಿ ಓದಿಸಿದ್ದು? ಆಗಲ್ಲ ಅದು. ಯಜಮಾನಮ್ಮ ಬರೋ ದಿನ ಗೋಡೆ ಇಲ್ಲದ ಹಾಗೆ ನಟಿಸಿಬಿಡ್ತೀವಿ. ನೀನು ಅಭ್ಯಾಸ ಮಾಡಿಸು.”

ಹೀಗೆ ಇಲ್ಲದ ಗೋಡೆಯನ್ನು ಇಲ್ಲವೆಂದು ನಟಿಸುವ ಅಭ್ಯಾಸ ಶುರುವಾಯಿತು. ಮಧ್ಯಾಹ್ನದ ಊಟವಾದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮ್ಯಾನೇಜರು ಚಪ್ಪಾಳೆ ತಟ್ಟುತ್ತಿದ್ದರು. ಮೊದಲ ದಿನ ಟೈಪಿಸ್ಟ್ ಎರಡೂ ಕೈ ಮುಂದೆ ಚಾಚಿ, ಕತ್ತಲಲ್ಲಿ ದೀಪದ ಗುಂಡಿ ಹುಡುಕುವವಳ ಹಾಗೆ ದಾಟಿದಳು. ಕೆಟಲ್ ತಾತ ಹೊಸ್ತಿಲು ದಾಟುವಂತೆ ಕಾಲೆತ್ತಿ ಇಟ್ಟ. ನಗಾರಿ ಮೂಗು ಹಿಡಿದು, ಕೆನ್ನೆ ಉಬ್ಬಿಸಿ, ಉಸಿರು ಬಿಗಿಹಿಡಿದು ಒಂದೇ ನೆಗೆತಕ್ಕೆ ದಾಟಿ, ಆ ಕಡೆ ಹೋಗಿ ಉಸ್ಸೆಂದ.

“ಮೂಗು ಯಾಕ್ರೀ ಹಿಡೀತೀರಿ?” ಎಂದರು ಮ್ಯಾನೇಜರು.

“ಸುಣ್ಣದ ವಾಸನೆ ಆಗಲ್ಲ ಸಾರ್ ನಂಗೆ.”

ದಿನ ಕಳೆದಂತೆ ಪಳಗಿದರು. ಮ್ಯಾನೇಜರು ಒಂದು ಗಳಿಗೆ ಸುಮ್ಮನಿರಲಿಲ್ಲ. ಈ ಕಡೆಯಿಂದ ಹೇಗೆ ಕಾಣುತ್ತದೆ ಎಂದು ನೋಡುವರು. ಆಮೇಲೆ ಬಾಗಿಲು ತಟ್ಟಿ, ಚಿಲಕ ತೆಗೆಸಿ, ಆ ಕಡೆಗೆ ಹೋಗಿ ಅಲ್ಲಿಂದ ಹೇಗೆ ಕಾಣುತ್ತದೆ ಎಂದು ನೋಡುವರು. “ತಡಕಾಡ್ಬೇಡಿ! ಸಹಜವಾಗಿ ಬನ್ನಿ! ಅಲ್ಲಿ ಏನೂ ಇಲ್ಲ!” ಎಂದು ಕೂಗುವರು. ಮತ್ತೆ ಬಾಗಿಲು ತಟ್ಟಿ ಈ ಕಡೆಗೆ ಬರುವರು. ಎಲ್ಲರೂ ತಂತಮ್ಮ ಕಾಲು ನೋಡಿಕೊಳ್ಳುವುದರಲ್ಲಿ ಮುಳುಗಿದ್ದರಿಂದ ಇವರ ಕಾಲು ಎಲ್ಲಿ ಹೋಗುತ್ತಿದೆ ಎಂದು ಯಾರೂ ಗಮನಿಸಲಿಲ್ಲ. ಅವರೂ ಗಮನಿಸಲಿಲ್ಲ.

ಯಜಮಾನಮ್ಮ ಬಂದ ದಿನ ನಗಾರಿ ಬೆಳಿಗ್ಗೆಯೇ ಬಾಗಿಲ ಚಿಲಕ ಭದ್ರವಾಗಿ ಹಾಕಿಬಿಟ್ಟ. ಅಭ್ಯಾಸಬಲದಿಂದ ಯಾರಾದರೂ ಹೋಗಿ ತಟ್ಟಿದರೆ ಎಡವಟ್ಟು ಎಂದು ಅವನ ಮುಂದಾಲೋಚನೆ.

ಯಜಮಾನಮ್ಮ ದಪ್ಪ ಆಸಾಮಿ, ನಿಧಾನದ ನಡಿಗೆ, ಚುರುಕು ಕಣ್ಣು. ಆರ್ಡರ್ ವಿಭಾಗದ ನಡುವೆ ನಿಂತು ಸುತ್ತ ನೋಡಿದರು. ಮ್ಯಾನೇಜರು ಮೆಲ್ಲಗೆ ಕೆಮ್ಮಿ ಸನ್ನೆ ಕೊಟ್ಟರು. ತಕ್ಷಣ ಟೈಪಿಸ್ಟ್ ಹಾಡು ಗುನುಗುತ್ತಾ ಸ್ಟೋರಿಗೆ ಹೋಗಿ ಬಂದಳು. ಕೆಟಲ್ ತಾತ ಒಂದು ಹನಿ ಚೆಲ್ಲದೆ ದಾಟಿದ. ಸ್ಟೋರಿನವರೆಲ್ಲ ಒಂದೊಂದು ನೆಪ ಹಿಡಿದು ಈ ಕಡೆಗೆ ಬಂದರು. ನಗಾರಿಯೂ ಬಂದ, ಮೂಗು ಹಿಡಿಯದೆ, ಬರೀ ಮುಖ ಕೆಂಪಗೆ ಮಾಡಿಕೊಂಡು.

“ನಮಸ್ಕಾರ. ಆರಾಮಾಗಿದ್ದೀರಾ?” ಎಂದರು ಅತ್ತೆ ಅವನಿಗೆ.

“ನಿಮ್ಮ ಚೀಟಿ ನೋಡಿದ್ರೆ ಕಣ್ಣು ತಂಪಾಗುತ್ತೆ ಮೇಡಂ. ಅಕ್ಷರ ಎಷ್ಟು ದುಂಡಗೆ!” ಎಂದ ನಗಾರಿ, ಕಟ್ಟಡ ಅದುರಿಸುತ್ತಾ.

ಯಜಮಾನಮ್ಮನ ಮುಖ ಅರಳಿತು. ಮ್ಯಾನೇಜರ ಎದೆಯೂ ಅರಳಿತು. ಟೈರ್ ಅಂಗಡಿ ದೂರ ದೂರ ಸರಿದು, ಕಣ್ಣಿಗೆ ಕಾಣದಷ್ಟು ಸಣ್ಣದಾಯಿತು. ‘ಗೆದ್ದೆ’ ಎಂದುಕೊಂಡರು.

“ಪರವಾಗಿಲ್ಲ, ಭೇಷ್” ಎಂದರು ಯಜಮಾನಮ್ಮ. “ಸ್ಟೋರೂ ನೋಡಿಬಿಡೋಣ.” ಹೀಗೆಂದು ಅವರು, ಬಾಗಿಲ ಕಡೆ ತಿರುಗಿಯೂ ನೋಡದೆ, ನೇರ ಮುಂದಕ್ಕೆ ಹೆಜ್ಜೆ ಹಾಕಿದರು.

“ಅಮ್ಮಾ! ಗೋಡೆ! ತಲೆ! ತಲೆ!”

ಕಿರುಚಿದವರು ಮ್ಯಾನೇಜರು. ಕಿರುಚಿದ್ದಷ್ಟೇ ಅಲ್ಲ, ಹಾರಿ ಹೋಗಿ ಯಜಮಾನಮ್ಮನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಯಜಮಾನಮ್ಮ ತತ್ತರಿಸಿ, ಸ್ಟೋರಿನವರು ತಂದಿಟ್ಟಿದ್ದ, ಗುಂಡಿ ಒತ್ತಿದರೆ ಬಿಚ್ಚುವ ಕೊಡೆಗಳ ಕಟ್ಟಿನ ಮೇಲೆ ಧೊಪ್ಪನೆ ಕೂತರು. ಕಟ್ಟು ಹರಿಯಿತು. ಪಟ್, ಪಟ್, ಪಟ್ ಎಂದು ಅವರ ಸುತ್ತ ಹೂವಿನ ಕೊಡೆಗಳು ಒಂದೊಂದಾಗಿ ಬಿಚ್ಚಿಕೊಂಡವು.

“ಎಲ್ಲಿದೆ ಗೋಡೆ?” ಎಂದರು ಯಜಮಾನಮ್ಮ ಕೊಡೆಗಳ ನಡುವಿನಿಂದ.

ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಆದರೆ ಕೇಳಿದ್ದಕ್ಕೆ ಉತ್ತರ ಕೊಡುವುದು ಅಣ್ಣನ ಅಂಗಡಿಯಲ್ಲಿ ಕಲಿತ ವಿದ್ಯೆ. ಮ್ಯಾನೇಜರು ಕೈ ಚಾಚಿ, “ಇಲ್ಲಿಂದ... ಅಲ್ಲಿವರೆಗೆ” ಎಂದು ತೋರಿಸಿ, ಅಂಗೈಯಿಂದ ಗಾಳಿಯನ್ನು ಎರಡು ಸಲ ತಟ್ಟಿಯೂ ಬಿಟ್ಟರು. ತಟ್ಟಿದ ಮೇಲೆ ತಾವೇನು ಮಾಡಿದೆವು ಎಂದು ಅರಿವಾಗಿ ಅವರ ಮುಖದಲ್ಲಿ ರಕ್ತವೇ ಇಲ್ಲವಾಯಿತು.

ಯಜಮಾನಮ್ಮ ಅವರನ್ನು ನೋಡಿದರು. ಆಮೇಲೆ ಕಂಪನಿಯಲ್ಲೇ ಹಳಬರಾದ ಅತ್ತೆಯ ಕಡೆ ತಿರುಗಿದರು. “ನೀವು ಹೇಳಿ. ಈ ಮನುಷ್ಯ ಒಡೆಸಿದ್ದು ಹೆಚ್ಚಾಯ್ತು ಅನ್ಸುತ್ತೆ. ನೀವು ಹೂಂ ಅಂದ್ರೆ ನಾಳೆನೇ ಇಟ್ಟಿಗೆ ತರಿಸ್ತೀನಿ. ಕಟ್ಟಿಸ್ಲಾ?”

ಅತ್ತೆಗೆ ಬೇಕಾಗಿದ್ದ ಗೋಡೆ, ಕೇಳದೆಯೇ ಬಂದು ಕಾಲ ಬಳಿ ನಿಂತಿತ್ತು. ಒಂದು ಹೂಂ ಎಂದರೆ ಸಾಕು. ಬಾಗಿಲಿಗೆ ಗೋಡೆ ಬರುತ್ತಿತ್ತು, ಗೋಡೆಗೆ ಕಿಂಡಿ ಬರುತ್ತಿತ್ತು, ಕುಂಬಳಕಾಯಿಯೂ ತುಕ್ಕು ಹಿಡಿದ ಕಡ್ಡಿಯೂ ಮತ್ತೆ ಅತ್ತಿತ್ತ ಹಾರಾಡಬಹುದಿತ್ತು. ಎಲ್ಲರೂ ಅತ್ತೆಯ ಬಾಯಿಯನ್ನೇ ನೋಡಿದರು. ಅತ್ತೆ ನಗಾರಿಯ ಮುಖ ನೋಡಿದರು. ಗೋಡೆ ಬಿದ್ದ ಮೇಲೆ ನೇರವಾಗಿ ಅವನ ಮುಖ ನೋಡಿದ್ದು ಇದು ಎರಡನೆಯ ಸಲ. ನಗಾರಿ ಮ್ಯಾನೇಜರ ಮುಖ ನೋಡಿದ. ಅಲ್ಲಿ ನಡುಗುತ್ತಿದ್ದದ್ದು ತುಟಿಯೊಂದೇ ಅಲ್ಲ.

“ಯಾವ ಗೋಡೆ ಅಮ್ಮಾ?” ಎಂದ ನಗಾರಿ.

“ಇಲ್ಲಿ ಗೋಡೆ ಎಲ್ಲಿತ್ತು?” ಎಂದರು ಅತ್ತೆ. “ನಾನು ಸೇರಿದಾಗಿಂದ ಇದು ಒಂದೇ ಹಾಲು.”

“ನಾನಂತೂ ನೋಡಿಲ್ಲ” ಎಂದಳು ಟೈಪಿಸ್ಟ್. ಕೆಟಲ್ ತಾತ, ಗೋಡೆಯೆಂಬ ಮಾತನ್ನೇ ಈಗ ಮೊದಲು ಕೇಳುತ್ತಿರುವವನಂತೆ, ತಲೆ ಕೆರೆದುಕೊಂಡ.

ಗೋಡೆಗೆ ತಾವೇ ಮುಂದೆ ನಿಂತು ಸುಣ್ಣ ಹೊಡೆಸಿದ್ದ ಯಜಮಾನಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದರು. ಒಬ್ಬರೂ ಕಣ್ಣು ಮಿಟುಕಿಸಲಿಲ್ಲ. ಅವರ ತುಟಿಯ ಕೊನೆಯಲ್ಲಿ ಏನೋ ಒಂದು ಹುಟ್ಟಿ, ಅಲ್ಲೇ ಅಡಗಿತು.

“ಹಾಗಾದ್ರೆ ಇವರಿಗೆ ಏನಾಗಿದೆ?”

“ಹೊಸಬ ಅಮ್ಮಾ” ಎಂದರು ಅತ್ತೆ. “ಇನ್ನೂ ಹೊಂದ್ಕೊಂಡಿಲ್ಲ. ಬದಲಾವಣೆ ಅಂದ್ರೆ ಮೊದಮೊದಲು ಎಲ್ಲರಿಗೂ ಹೆದರಿಕೆನೇ ಅಲ್ವಾ? ನಾವು ತಿದ್ತೀವಿ.”

“ತಿದ್ದಿ” ಎಂದರು ಯಜಮಾನಮ್ಮ, ನಗಾರಿ ಕೊಟ್ಟ ಕೈ ಹಿಡಿದು ಏಳುತ್ತಾ. “ಪೂರ್ತಿ ತಿದ್ದೋವರೆಗೂ ಇವರನ್ನ ಇಲ್ಲಿಂದ ಎಲ್ಲಿಗೂ ಬಿಡ್ಬೇಡಿ. ಕೆಲಸ ಕಾಯಂ ಅಂತ ಬರೆದು ಕಳಿಸ್ತೀನಿ. ಸ್ಟೋರು ಇನ್ನೊಂದ್ಸಲ ನೋಡ್ತೀನಿ, ಇವತ್ತು ಸೊಂಟ ಸರಿಯಿಲ್ಲ.”

ಅವರ ಕಾರು ಬೀದಿ ತಿರುಗುವವರೆಗೆ ಯಾರೂ ಉಸಿರು ಬಿಡಲಿಲ್ಲ. ತಿರುಗಿದ ಮೇಲೆ ಬಿಟ್ಟ ಉಸಿರಿಗೆ ಕೊಡೆಗಳೇ ಅಲುಗಾಡಿದವು. ಮ್ಯಾನೇಜರು ಮಾತ್ರ ನಿಂತಲ್ಲೇ ನಿಂತಿದ್ದರು. ಕೆಲಸ ಉಳಿದ ಸಂತೋಷ, ಮಾನ ಹೋದ ನಾಚಿಕೆ, ಈ ಜನರ ಮೇಲೆ ಉಕ್ಕಿದ ಅಕ್ಕರೆ ಮೂರೂ ಸೇರಿ ಅವರಿಗೆ ಅಳು ಬರುವಂತಾಗಿತ್ತು.

ಅತ್ತೆ ಬಂದು ಅವರ ಕೈ ಹಿಡಿದರು. “ಬಾ ಪಾಪು. ಕಣ್ಣು ಮುಚ್ಚು, ಒಂದು ಹೆಜ್ಜೆ ಇಡು. ನಾವೆಲ್ಲ ದಾಟಿಲ್ವಾ?”

ಮ್ಯಾನೇಜರು ಕಾಲೆತ್ತಿದರು. ಎತ್ತಿದ ಕಾಲನ್ನು ಹಾಗೇ ಇಳಿಸಿದರು. “ಇವತ್ತು ಬೇಡ ಅತ್ತೆ. ಬಾಗಿಲಿಂದಾನೇ ಹೋಗೋಣ.”

“ಆಯ್ತು ನಡಿ, ಬಾಗಿಲಿಂದಾನೇ” ಎಂದರು ಅತ್ತೆ. ಅವರ ದನಿಯಲ್ಲಿ ಇದ್ದದ್ದು ದೊಡ್ಡ ನೆಮ್ಮದಿ.

ಹಿಂದೆ ಟೈಪಿಸ್ಟ್, ಅವಳ ಹಿಂದೆ ಕೆಟಲ್ ತಾತ, ಸ್ಟೋರಿನವರು, ಎಲ್ಲರಿಗಿಂತ ಹಿಂದೆ ನಗಾರಿ, ಹೀಗೆ ಎಲ್ಲರೂ ಸಾಲಾಗಿ ನಿಂತರು. ಅತ್ತೆ ಟಕಟಕ ತಟ್ಟಿದರು. ಕಾದರು. ಮತ್ತೆ ತಟ್ಟಿದರು. ಆ ಕಡೆಯಿಂದ “ಯಾರು?” ಎನ್ನುವ ಸದ್ದಿಲ್ಲ.

“ಯಾಕ್ರೀ ಯಾರೂ ಚಿಲಕ ತೆಗೀತಿಲ್ಲ?” ಎಂದು ಅತ್ತೆ ತಿರುಗಿ ಗದರಿದರು.

ನಗಾರಿ ಕತ್ತು ಉದ್ದ ಮಾಡಿ ಸಾಲನ್ನೆಲ್ಲ ಎಣಿಸುವವನಂತೆ ನೋಡಿದ. “ತೆಗೆಯೋಕೆ ಆ ಕಡೆ ಯಾರಿದ್ದಾರೆ ಮೇಡಂ?” ಎಂದ. “ಎಲ್ಲರೂ ಈ ಕಡೇನೇ ಇದ್ದೀವಲ್ಲ.”

ಅತ್ತೆ ಸ್ವಲ್ಪ ಹೊತ್ತು ಬಾಗಿಲನ್ನು ನೋಡಿದರು, ಆಮೇಲೆ ಸಾಲನ್ನು ನೋಡಿದರು. “ಹಾಗಾದ್ರೆ ಚಹಾ ಇಲ್ಲೇ ಕುಡಿಯೋಣ” ಎಂದು ತಮ್ಮ ಮೇಜಿನ ಹತ್ತಿರ ನಗಾರಿಗೂ ಒಂದು ಕುರ್ಚಿ ಎಳೆದರು.